ನುಕ್ತಾ ಇಲ್ಲದ ಹೆಸರು

ಹೋದ ವರ್ಷ ಮುಡಬಿಯಲ್ಲಿ ಕಾಕಾ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಇನ್ನೂ ಒಂದು ತಿಂಗಳಿರುವಾಗ ನನಗೆ ಫೋನು ಮಾಡಿ, ಪಡಸಾಲೆಯ ಗೋಡೆಗೆ ತೂಗುಹಾಕಲು ನಮ್ಮ ಮನೆತನದ ವಂಶವೃಕ್ಷ ಬೇಕು ಎಂದರು. "ನೀ ಯುನಿವರ್ಸಿಟ್ಯಾಗ ಹಳೇ ಕಾಗದ ಓದಾಕಿ. ಏಳ್ ತಲಿ ಹೆಸರ ಬರ್ದ್ ಕೊಡು, ಫ್ರೇಮ್ ನಾ ಹಾಕಸ್ತೀನಿ." ಒಂದು ರವಿವಾರದ ಕೆಲಸ ಎಂದುಕೊಂಡು ಒಪ್ಪಿಕೊಂಡೆ. ಆ ಕೆಲಸ ಎಂಟು ತಿಂಗಳು ತೆಗೆದುಕೊಂಡಿತು. ಗೃಹಪ್ರವೇಶ ವಂಶವೃಕ್ಷ ಇಲ್ಲದೆಯೇ ಆಗಿಹೋಯಿತು.

ನನ್ನಿಂದ ಮೇಲಕ್ಕೆ ಐದು ತಲೆಮಾರು ಸಲೀಸಾಗಿ ಸಿಕ್ಕವು. ನಮ್ಮ ಕಡೆ ಮುತ್ಯಾನ ಹೆಸರನ್ನು ಮೊಮ್ಮಗನಿಗೆ ಇಡುವುದರಿಂದ ಒಂದೇ ಎರಡು ಹೆಸರು ಒಂದಾದ ಮೇಲೊಂದು ಸರದಿಯಲ್ಲಿ ಬರುತ್ತವೆ. ಶರಣಪ್ಪನ ಮಗ ಬಸಪ್ಪ, ಬಸಪ್ಪನ ಮಗ ಮತ್ತೆ ಶರಣಪ್ಪ. ಪಹಣಿಯಲ್ಲಿರುವ ಶರಣಪ್ಪ ಯಾವ ಶರಣಪ್ಪ ಎಂದು ತಿಳಿಯಲು ಹೊಲದ ಸರ್ವೆ ನಂಬರನ್ನು ಹಿಡಿದು ಹೋಗಬೇಕು. ಹಾಗೆ ಹೋದರೆ 1954-55ರ ಖಾಸ್ರಾ ಪಹಣಿಯವರೆಗೆ ಹೆಚ್ಚು ತೊಂದರೆಯಿಲ್ಲ. ಅದಕ್ಕೂ ಹಿಂದಿನದು ನಿಜಾಮರ ಕಾಲದ ಕಾಗದ. ಅಲ್ಲಿ ಭಾಷೆ ಉರ್ದು, ವರ್ಷ ಫಸಲಿ.

ಅಂಥದ್ದೊಂದು ಕಾಗದ ನಮ್ಮ ಹಳೆಯ ಮನೆಯ ಟ್ರಂಕಿನಲ್ಲಿತ್ತು. ಫಸಲಿ 1315ರ ನಕಲು, ಅಂದರೆ 1905-06ರದು. ಅದರಲ್ಲಿ ನಮ್ಮ ಐದನೆಯ ತಲೆಯ ಮುತ್ಯಾನ ಹೆಸರಿತ್ತು, ಮುಂದೆ 'ವಲದ' ಎಂದು ಬರೆದು ಅವನ ತಂದೆಯ ಹೆಸರಿತ್ತು. ನನಗೆ ಅಚ್ಚಿನ ಉರ್ದು ಕೂಡಿಸಿ ಓದುವಷ್ಟು ಬರುತ್ತದೆ, ಕೈಬರಹ ಬರುವುದಿಲ್ಲ. ಬಸವಕಲ್ಯಾಣದಲ್ಲಿ ನಿವೃತ್ತರಾದ ಉರ್ದು ಮೇಷ್ಟ್ರೊಬ್ಬರ ಬಳಿ ಒಯ್ದೆ. ಅವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿ, "ನುಕ್ತಾ ಇಲ್ಲಮ್ಮ" ಎಂದರು.

ಉರ್ದು ಲಿಪಿಯಲ್ಲಿ 'ಬ'ಗೂ 'ನ'ಗೂ ಶಬ್ದದ ಆರಂಭದಲ್ಲಿ ಆಕಾರ ಒಂದೇ. ಒಂದು ಸಣ್ಣ ಹಲ್ಲಿನಂಥ ಗೆರೆ. ಚುಕ್ಕಿ ಕೆಳಗಿದ್ದರೆ 'ಬ', ಮೇಲಿದ್ದರೆ 'ನ'. ಆ ಚುಕ್ಕಿಗೇ ನುಕ್ತಾ ಎನ್ನುತ್ತಾರೆ. ಅವಸರದ ಶಿಕಸ್ತಾ ಬರಹದಲ್ಲಿ ಗುಮಾಸ್ತರು ನುಕ್ತಾಗಳನ್ನು ಬಿಟ್ಟುಬಿಡುತ್ತಿದ್ದರು. ಓದುವವನಿಗೆ ಹೆಸರು ಹೇಗೂ ಗೊತ್ತಿರುತ್ತದಲ್ಲ ಎಂಬ ಭರವಸೆ. ಆಗ ಗೊತ್ತಿದ್ದವರು ಇದ್ದರು. ಈಗ ಆ ಹೆಸರು ನಾಗಪ್ಪ ಆಗಬಹುದು, ಬಾಗಪ್ಪ ಆಗಬಹುದು. ಮೇಷ್ಟ್ರು ಕಾಗದ ಮಡಿಚಿ ಕೊಡುತ್ತ ಹೇಳಿದರು: "ಕೋರ್ಟಿನ ಕೆಲಸಕ್ಕಂತ ಬಾಳ್ ಮಂದಿ ಬರ್ತಾರ ನನ್ ಕಡಿ. ಎಲ್ಲರೂ ಮೊದ್ಲೇ ಒಂದ್ ಹೆಸರ್ ಇಟ್ಕೊಂಡೇ ಬರ್ತಾರ. ನಿಂದ್ ಯಾವ್ದು?"

ನಾನು ಉತ್ತರ ಕೊಡಲಿಲ್ಲ. ಆದರೆ ನನ್ನದೂ ಒಂದಿತ್ತು. ಅದನ್ನು ಮುಂದೆ ಹೇಳುತ್ತೇನೆ.

ನಾಗಪ್ಪ ಎಂದು ಓದಿದರೆ ಎಲ್ಲ ಸರಾಗ. ನಾಗಪ್ಪ ಹೊಲಮನೆ ಇದ್ದವನು, ಊರಲ್ಲಿ ಮಾತು ನಡೆಯುತ್ತಿದ್ದವನು, ಅವನ ತಂದೆಯ ಹೆಸರೂ ಮನೆಯವರ ಬಾಯಲ್ಲಿ ಉಳಿದಿದೆ. ಕಾಕಾನ ಏಳು ತಲೆ ಅಲ್ಲಿಗೆ ತುಂಬುತ್ತದೆ. ಬಾಗಪ್ಪ ಎಂದು ಓದಿದರೆ ಆಯಿ ಹೇಳುವ ಮಾತು ನಡುವೆ ಬರುತ್ತದೆ. ಆಯಿ ಅದನ್ನು ತನ್ನ ಅತ್ತೆಯ ಬಾಯಿಂದ ಕೇಳಿದ್ದು. ನಾಗಪ್ಪನ ಮೊದಲ ಹೆಂಡತಿ ತೀರಿಕೊಂಡ ಮೇಲೆ ಅವನು ಒಬ್ಬಳನ್ನು ಉಡಕಿ ಮಾಡಿಕೊಂಡ. ಉಡಕಿ ಎಂದರೆ ಗಂಡ ಸತ್ತವಳನ್ನು ಅಥವಾ ಗಂಡ ಬಿಟ್ಟವಳನ್ನು ಮೊದಲ ಮದುವೆಯ ಸಡಗರವಿಲ್ಲದೆ, ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು. "ಬರದಾಗ ಬಂದಾಕಿ. ಬಗಲಾಗ ಕೂಸಿತ್ತಂತ, ಇಲ್ಲಾ ಹೊಟ್ಯಾಗಿತ್ತಂತ. ನಮ್ಮತ್ತಿ ಒಮ್ಮೆ ಹಂಗಂತಿದ್ಲು, ಒಮ್ಮೆ ಹಿಂಗಂತಿದ್ಲು." ಆ ಕೂಸೇ ನಮ್ಮ ಐದನೆಯ ತಲೆ. ಅವಳ ಮೊದಲ ಗಂಡನ ಹೆಸರು ಬಾಗಪ್ಪ ಎಂದು ಆಯಿಗೆ ನೆನಪು. ಯಾವ ಬರ ಎಂಬುದು ಗೊತ್ತಿಲ್ಲ. ವಯಸ್ಸಿನ ಲೆಕ್ಕ ಹಾಕಿದರೆ ದಖನ್ನನ್ನೆಲ್ಲ ಸುಟ್ಟ 1876-78ರ ಬರಕ್ಕೆ ಹೊಂದುತ್ತದೆ. ಹೊಂದುತ್ತದೆ ಎಂದಷ್ಟೇ ಹೇಳಬಲ್ಲೆ.

ಸುಗ್ಗಿ ಮುಗಿದ ಮೇಲೆ ಹೆಳವರು ಬಂದರು. ನಮ್ಮ ಕಡೆಯ ಓದುಗರಿಗೆ ಹೆಳವರ ಬಗ್ಗೆ ಹೇಳಬೇಕಿಲ್ಲ. ಉಳಿದವರಿಗಾಗಿ ಒಂದು ಮಾತು: ಒಕ್ಕಲು ಮನೆತನಗಳ ವಂಶಾವಳಿಯನ್ನು ಬಾಯಲ್ಲೂ ಹೊತ್ತಿಗೆಯಲ್ಲೂ ಕಾಪಾಡಿಕೊಂಡು ಬಂದ ಅಲೆಮಾರಿ ಸಮುದಾಯ ಅದು. ಮೊದಲು ಎತ್ತಿನ ಮೇಲೆ, ಆಮೇಲೆ ಬಂಡಿಯಲ್ಲಿ, ಈಗ ಟೆಂಪೋದಲ್ಲಿ ಬರುತ್ತಾರೆ. ಮನೆಯ ಮುಂದೆ ನಿಂತು ನಿಮ್ಮ ಮೂಲ ಯಾವ ಊರು, ಯಾವ ಬೆಡಗು, ಯಾರ ಮಗ ಯಾರು ಎಂದು ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಜೋಳವನ್ನೋ ರೊಕ್ಕವನ್ನೋ ಪಡೆದು ಹೋಗುತ್ತಾರೆ. ನಮ್ಮ ಹೆಳವಜ್ಜ ನಿಲ್ಲದೆ ಒಂದೇ ಉಸಿರಿಗೆ ನಾಗಪ್ಪನ ಮಗ ಎಂದುಬಿಟ್ಟ. ಕಾಕಾ ನನ್ನ ಮುಖ ನೋಡಿದರು. ನಾನು, "ಅಜ್ಜಾ, ಆ ಹುಡುಗನ ತಾಯಿ ಯಾರು?" ಎಂದು ಕೇಳಿದೆ. ಅವನು ಸಿಟ್ಟಾಗಲಿಲ್ಲ. "ಹೆಣ್ಮಕ್ಕಳದು ಬರೆಯೋದಿಲ್ಲವ್ವಾ. ಬಳ್ಳಿ ಗಂಡಿಂದ ಗಂಡಿಗೆ ಹೋಗ್ತದ" ಎಂದ. ಆ ಲೆಕ್ಕಕ್ಕೆ ಅವನ ಹೊತ್ತಿಗೆಯಲ್ಲಿ ನಾನೂ ಇಲ್ಲ.

ಹೆಳವಜ್ಜನ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ಬಾಯಿಪಾಠ ಎಷ್ಟೋ ಸಲ ಕಾಗದಕ್ಕಿಂತ ಗಟ್ಟಿ. ಆದರೆ ಅವನು ಕಾಳು ಕೊಟ್ಟ ಮನೆಯ ಕಥೆ ಹೇಳುವವನು. ಮನೆ ತುಂಬಿಸಿಕೊಂಡವಳ ಜೊತೆ ಬಂದ ಕೂಸನ್ನು ಮನೆಯವರೇ ತಮ್ಮದೆಂದ ಮೇಲೆ ಅವನ ಅಜ್ಜನೂ ಹಾಗೆಯೇ ಹಾಡಿರಬೇಕು. ಅದು ಸುಳ್ಳಲ್ಲ, ಊರು ಒಪ್ಪಿಕೊಂಡ ಸತ್ಯ. ಕಾಕಾನ ವಾದವೂ ಇದೇ. "ಸಾಕಿದಾಂವ ಅಪ್ಪ ಅಲ್ಲೇನು? ನಾಗಪ್ಪ ಅಂತ ಬರದ್ರ ಯಾರ್ದೇನ್ ಹೋಗ್ತದ?"

ನಿಜ, ಯಾರದೇನು ಹೋಗುತ್ತದೆ? ಹೊಲದ ತಂಟೆಯಿಲ್ಲ, ಪಾಲು ಯಾವಾಗಲೋ ಮುಗಿದಿದೆ. ಒಂದು ಗೋಡೆಯ ಮೇಲಿನ ಚಿತ್ರ. ಈ ಪ್ರಶ್ನೆಗೆ ನನಗೆ ಹಲವು ದಿನ ಉತ್ತರ ಸಿಗಲಿಲ್ಲ. ಕಾಕಾ "ಸಾಕಿದವನು" ಎಂದು ಬರೆಸುತ್ತಿದ್ದರೆ ತಕರಾರೇ ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಅವರಿಗೆ ಬೇಕಿದ್ದುದು ಸಾಕಿದವನ ದೊಡ್ಡತನವಲ್ಲ, ಹುಟ್ಟಿಸಿದವನ ಹೆಸರು. ಸಾಕಿದ್ದನ್ನು ಹುಟ್ಟಿಸಿದ್ದು ಎಂದು ಬರೆದರೆ ನಾಗಪ್ಪ ಮಾಡಿದ ಒಳ್ಳೆಯ ಕೆಲಸವೂ ಅಳಿಸಿಹೋಗುತ್ತದೆ.

ಇಂಥ ಕೆಲಸವನ್ನು ನಮ್ಮ ಕಾಕಾ ಮೊದಲು ಮಾಡಿದವರಲ್ಲ. ನಮ್ಮ ತಾಲೂಕಿನ ಊರಾದ ಕಲ್ಯಾಣದಲ್ಲಿ ಆಳಿದ ಚಾಲುಕ್ಯರೇ ಮಾಡಿದ್ದಾರೆ. ಬಾದಾಮಿಯ ಕೊನೆಯ ದೊರೆ ಎರಡನೆಯ ಕೀರ್ತಿವರ್ಮ ರಾಜ್ಯ ಕಳೆದುಕೊಂಡದ್ದು ಎಂಟನೆಯ ಶತಮಾನದ ನಡುವಿನಲ್ಲಿ. ಎರಡನೆಯ ತೈಲಪ ರಾಷ್ಟ್ರಕೂಟರನ್ನು ಸೋಲಿಸಿದ್ದು 973ರಲ್ಲಿ. ನಡುವೆ ಇನ್ನೂರಕ್ಕೂ ಹೆಚ್ಚು ವರ್ಷ. ಆ ಅಂತರದ ಮೇಲೆ ಸೇತುವೆ ಕಟ್ಟಿದ್ದು 1009ರ ಕೌಥೆಂ ತಾಮ್ರಪಟ. ಕೀರ್ತಿವರ್ಮನ ತಂದೆಗೆ ಭೀಮನೆಂಬ ತಮ್ಮನಿದ್ದ, ಅವನಿಂದ ಕೆಲವು ಹೆಸರು ಇಳಿದರೆ ತೈಲಪ ಎನ್ನುತ್ತದೆ ಅದು. ಅಷ್ಟಕ್ಕೇ ನಿಲ್ಲದೆ ಅಯೋಧ್ಯೆಯಲ್ಲಿ ಈ ವಂಶದ 59 ರಾಜರು ಆಳಿದ್ದರೆಂದೂ ಸೇರಿಸುತ್ತದೆ. ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದ ಬಿಲ್ಹಣನ ಕಾವ್ಯದಲ್ಲಂತೂ ಮೂಲಪುರುಷ ಬ್ರಹ್ಮನ ಬೊಗಸೆಯ ನೀರಿನಿಂದಲೇ ಎದ್ದುಬರುತ್ತಾನೆ. ತೈಲಪ ನಿಜಕ್ಕೂ ಬಾದಾಮಿಯ ಮುಖ್ಯ ಶಾಖೆಯವನೇ ಎಂದು ರಾ. ಗೋ. ಭಂಡಾರಕರ್ ಸಂಶಯಪಟ್ಟಿದ್ದರು. ರಾಜ್ಯ ಗೆದ್ದವನಿಗೆ ಹಳೆಯ ವಂಶದ ಹೆಸರು ಏಕೆ ಬೇಕಾಯಿತು ಎಂಬುದು ಹೊಸ ಮನೆ ಕಟ್ಟಿದ ನಮ್ಮ ಕಾಕಾನನ್ನು ನೋಡಿದ ಮೇಲೆ ನನಗೆ ಸ್ವಲ್ಪ ಅರ್ಥವಾಗಿದೆ. ಗೆದ್ದದ್ದು ನಮ್ಮದೇ ಆಗಿತ್ತು, ಹೊಸದಾಗಿ ಪಡೆದದ್ದಲ್ಲ ಎಂದು ಹೇಳಿಕೊಳ್ಳದಿದ್ದರೆ ಮನುಷ್ಯನಿಗೆ ನಿದ್ದೆ ಬರುವುದಿಲ್ಲವೇನೋ.

ನಾನು ಪಿಎಚ್‌ಡಿಗೆ ಓದುತ್ತಿರುವುದು ಕೈಫಿಯತ್ತುಗಳನ್ನು. ಊರೂರಿನ ದೇಸಾಯಿ, ನಾಡಗೌಡ, ಪಾಳೆಯಗಾರರು ತಮ್ಮ ವಂಶದ ಬಗ್ಗೆ ಬರೆಸಿಕೊಟ್ಟ ಹೇಳಿಕೆಗಳು ಅವು. ಅವನ್ನು ಕೂಡಿಸಿದ ಕರ್ನಲ್ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನವನು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ, 1821ರಲ್ಲಿ ಇಲ್ಲೇ ತೀರಿಕೊಂಡ. ಅವನ ಕೈಕೆಳಗೆ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮುಂತಾದ ಪಂಡಿತರು ಊರೂರು ಅಲೆದರು. ಕುಲ, ಮನೆತನ, ಮೂಲಪುರುಷ ಎಂಬ ಮಾತುಗಳು ಆ ದ್ವೀಪದಿಂದ ಬಂದವನಿಗೆ ಹೊಸದಾಗಿರಲಿಲ್ಲ. ಅಲ್ಲಿಯೂ ಕುಲಗಳ ವಂಶಾವಳಿಯನ್ನು ಬಾಯಿಪಾಠ ಹೇಳುವ ಕವಿಗಳಿದ್ದರು, ಒಂದು ಬಗೆಯ ಹೆಳವರು. ಈ ನೆಪದಲ್ಲಿ ಸ್ಕಾಟ್ಲೆಂಡಿನವರು ತಮ್ಮ ಹಿರಿಯರನ್ನು ಹೇಗೆ ಹುಡುಕುತ್ತಾರೆ ಎಂದು ಓದತೊಡಗಿದೆ.

ಅಲ್ಲಿ ಸರಕಾರದ ಕಡ್ಡಾಯ ಜನನ-ಮರಣ ನೋಂದಣಿ ಶುರುವಾದದ್ದು 1855ರಲ್ಲಿ. ಅದಕ್ಕೂ ಹಿಂದಕ್ಕೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳೇ ಗತಿ. ಉಳಿದವುಗಳಲ್ಲಿ ಎಲ್ಲಕ್ಕೂ ಹಳೆಯದು ಪರ್ತ್‌ಶೈರಿನ ಎರೋಲ್ ಎಂಬ ಊರಿನದು, 1553ರಿಂದ ಆರಂಭ. ಬಹುಪಾಲು ಊರುಗಳದು ಅಷ್ಟು ಹಿಂದಕ್ಕೆ ಹೋಗುವುದಿಲ್ಲ, ನಡುನಡುವೆ ಪುಟಗಳೇ ಇಲ್ಲ. ಅಲ್ಲಿಯೂ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರಿಡುವ ರೂಢಿ, ಹಾಗಾಗಿ ಒಂದೇ ಊರಲ್ಲಿ ಒಂದೇ ಹೆಸರಿನ ನಾಲ್ವರು. ವ್ಯತ್ಯಾಸ ಒಂದು: ಹೆಂಗಸರ ತವರಿನ ಹೆಸರು ಮದುವೆಯಾದ ಮೇಲೂ ದಾಖಲೆಯಲ್ಲಿ ಉಳಿಯುತ್ತಿತ್ತು. ನಮ್ಮಲ್ಲಿ ಅದು ಉಳಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಇನ್ನೊಂದು ದಾಖಲೆ ಅಲ್ಲಿನ ಚರ್ಚಿನ ಹಿರಿಯರ ಸಭೆಯ ಪುಸ್ತಕ. ಮದುವೆಯಾಗದೆ ಬಸಿರಾದವಳನ್ನು ಕರೆಸಿ, ತಂದೆ ಯಾರು ಹೇಳು ಎಂದು ಮತ್ತೆ ಮತ್ತೆ ಕೇಳಿ ಬರೆದುಕೊಳ್ಳುತ್ತಿದ್ದರು. ಇವತ್ತು ತಂದೆ ಯಾರೆಂದು ತಿಳಿಯದ ಹಿರಿಯನನ್ನು ಹುಡುಕುವವರಿಗೆ ಆ ಪುಸ್ತಕವೇ ಆಧಾರ. ಆ ಹುಡುಗಿಗೆ ಅವಮಾನವಾಗದೆ ಹೋಗಿದ್ದರೆ ಆ ಮಾಹಿತಿಯೂ ಇರುತ್ತಿರಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನ್ನ ಸಂಶೋಧನೆಯ ಉತ್ಸಾಹ ಸ್ವಲ್ಪ ಇಳಿಯುತ್ತದೆ.

ಅರಸರ ವಿಷಯದಲ್ಲಿ ಅವರೂ ನಮ್ಮ ಚಾಲುಕ್ಯರ ಹಾಗೆಯೇ. 1684ರಲ್ಲಿ ಯಾಕೊಬ್ ಡಿ ವೆಟ್ ಎಂಬ ಡಚ್ ಚಿತ್ರಗಾರನಿಂದ ಎಡಿನ್‌ಬರೋದ ಹೋಲಿರೂಡ್ ಅರಮನೆಗೆ ಸ್ಕಾಟ್ ದೊರೆಗಳ ನೂರಕ್ಕೂ ಹೆಚ್ಚು ಚಿತ್ರ ಬರೆಸುವ ಒಪ್ಪಂದವಾಯಿತು. ಅವರಲ್ಲಿ ಎಷ್ಟೋ ಮಂದಿ ಹುಟ್ಟಿಯೇ ಇರಲಿಲ್ಲ. ಪಟ್ಟಿ ಕ್ರಿಸ್ತಪೂರ್ವ 330ರ ಫರ್ಗಸ್‌ನಿಂದ ಶುರು. 1729ರಲ್ಲಿ ಥಾಮಸ್ ಇನ್ನೆಸ್ ಎಂಬ ಕ್ಯಾಥೊಲಿಕ್ ಪಾದ್ರಿ ಪುಸ್ತಕ ಬರೆದು, ಮೊದಲ ನಲವತ್ತರಷ್ಟು ದೊರೆಗಳು ಕಟ್ಟುಕಥೆ ಎಂದು ತೋರಿಸಿದ. ಈ ಇನ್ನೆಸ್ ರಾಜ್ಯ ಕಳೆದುಕೊಂಡು ದೇಶ ಬಿಟ್ಟಿದ್ದ ಸ್ಟೂವರ್ಟ್ ಮನೆತನದ ನಿಷ್ಠ. ಹಳೆಯ ವಂಶವೇ ಅವರ ಹಕ್ಕಿನ ದೊಡ್ಡ ಆಧಾರ. ತಾನು ಪ್ರೀತಿಸಿದ ಮನೆತನದ ಹಿರಿಯರನ್ನೇ ಅವನು ಪಟ್ಟಿಯಿಂದ ತೆಗೆದ.

ಇನ್ನೆಸ್‌ನನ್ನು ಓದಿ ನನಗೆ ಹೆಮ್ಮೆಯಾಯಿತು, ನಾನೂ ಅವನ ಕಡೆಯವಳು ಎಂದುಕೊಂಡೆ. ಸತ್ಯ ಹಾಗಿರಲಿಲ್ಲ. ಉರ್ದು ಮೇಷ್ಟ್ರು "ನಿಂದ್ ಯಾವ್ದು?" ಎಂದು ಕೇಳಿದಾಗ ನನ್ನ ಮನಸ್ಸಿನಲ್ಲಿ ಬಾಗಪ್ಪ ಎಂಬ ಹೆಸರು ಆಗಲೇ ಇತ್ತು. ಬರದಲ್ಲಿ ಕೂಸನ್ನು ಬಗಲಲ್ಲಿಟ್ಟುಕೊಂಡು ನಡೆದು ಬಂದ ಹೆಂಗಸು ನನ್ನ ಹಿರಿಯಳಾಗಿರಲಿ ಎಂದು ನಾನು ಬಯಸಿದ್ದೆ. ವಿಶ್ವವಿದ್ಯಾಲಯದ ಗೆಳೆಯರ ನಡುವೆ ಊರ ಗೌಡನ ವಂಶದವಳು ಎನ್ನುವುದಕ್ಕಿಂತ ಉಡಕಿಯವಳ ವಂಶದವಳು ಎನ್ನುವುದಕ್ಕೆ ಮರ್ಯಾದೆ ಹೆಚ್ಚು. ಕಾಕಾನ ಪಡಸಾಲೆಗೆ ನಾಗಪ್ಪ ಬೇಕು, ನನ್ನ ಸೆಮಿನಾರಿಗೆ ಬಾಗಪ್ಪ ಬೇಕು. ಇಬ್ಬರೂ ಆ ಬರಿಯ ಗೆರೆಗೆ ನಮ್ಮ ನಮ್ಮ ಚುಕ್ಕಿ ಇಡಲು ಹೊರಟವರೇ.

ಆಗ ಬಸವಣ್ಣನವರ ನೆವ ತೆಗೆದುಕೊಂಡೆ. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರ ಮನೆಯ ಮಗ ತಾನು ಎಂದು ಹೇಳಿಕೊಂಡರಲ್ಲ, ನಾನೂ ನನ್ನ ಹಿರಿಯಳನ್ನು ಆರಿಸಿಕೊಂಡರೆ ತಪ್ಪೇನು? ತಪ್ಪಿಲ್ಲ. ಆದರೆ ಬಸವಣ್ಣನವರು ಅದನ್ನು ದಾಖಲೆಯೆಂದು ಹೇಳಲಿಲ್ಲ. ತಮ್ಮ ಹುಟ್ಟು ಯಾವುದೆಂದು ಕಲ್ಯಾಣಕ್ಕೆಲ್ಲ ಗೊತ್ತಿದ್ದಾಗ, ಗೊತ್ತಿದ್ದವರ ಎದುರೇ, ಆ ಹುಟ್ಟನ್ನು ಬಿಟ್ಟುಕೊಟ್ಟು ಹೇಳಿದರು. ಅದಕ್ಕೆ ಬೆಲೆ ತೆರಬೇಕಾಗಿತ್ತು. ನಾನು ಏನನ್ನೂ ಬಿಟ್ಟುಕೊಡದೆ ಟ್ರಂಕಿನ ಕಾಗದವೊಂದನ್ನು ತೋರಿಸಿ "ನೋಡಿ, ಸಿಕ್ಕಿತು" ಎನ್ನಲು ಹೊರಟಿದ್ದೆ. ಹಿರಿಯರನ್ನು ಆರಿಸಿಕೊಳ್ಳುವುದು ಬೇರೆ, ಕಂಡುಹಿಡಿಯುವುದು ಬೇರೆ. ಆರಿಸಿಕೊಂಡದ್ದನ್ನು ಕಂಡುಹಿಡಿದೆ ಎಂದರೆ ಅಯೋಧ್ಯೆಯ 59 ರಾಜರಿಗೂ ನನಗೂ ವ್ಯತ್ಯಾಸವಿಲ್ಲ. ಆ ಹೆಂಗಸಿಗಾದರೂ ಇದರಿಂದ ಏನು ಒಳ್ಳೆಯದು? ತನ್ನ ಉಡಕಿಯ ಮಾತು ಗೋಡೆಗೆ ಏರಲಿ ಎಂದು ಅವಳು ಬಯಸುತ್ತಿದ್ದಳೇ? ಊರವರ ಬಾಯಿ ಮುಚ್ಚಿಸಲು ಜೀವಮಾನವೆಲ್ಲ ಕಳೆದಿದ್ದರೆ?

ದಾರಿ ತೋರಿಸಿದ್ದು ಕಲ್ಯಾಣದವರೇ ಆದ ವಿಜ್ಞಾನೇಶ್ವರ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಬಸವಣ್ಣನವರಿಗಿಂತ ಒಂದೆರಡು ತಲೆಮಾರು ಮೊದಲು, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದವನು. ನಮ್ಮ ಆಸ್ತಿಪಾಲಿನ ಕಾನೂನೆಲ್ಲ ಅವನ ಹೆಸರು ಹೇಳುತ್ತದೆ. ಮದುವೆಯ ಪ್ರಕರಣದಲ್ಲಿ 'ಸಪಿಂಡ' ಎಂಬ ಪದಕ್ಕೆ ಅವನು ಅರ್ಥ ಹೇಳುತ್ತಾನೆ. ಪಿಂಡವೆಂದರೆ ಶ್ರಾದ್ಧದಲ್ಲಿಡುವ ಅನ್ನದ ಉಂಡೆಯಲ್ಲ, ದೇಹ. ಒಂದೇ ದೇಹದ ಅಂಶ ಯಾರಲ್ಲಿ ಹರಿದಿದೆಯೋ ಅವರು ಸಪಿಂಡರು. ತಂದೆಯ ದೇಹ ಹೇಗೋ ತಾಯಿಯದೂ ಹಾಗೆಯೇ. ಹೀಗೆ ಹೇಳಿದ ಕೂಡಲೇ ತನ್ನ ಮಾತಿನ ತೊಡಕು ಅವನಿಗೇ ಕಾಣುತ್ತದೆ. ಸಂಸಾರಕ್ಕೆ ಮೊದಲೆಂಬುದಿಲ್ಲ, ಹಾಗೆ ನೋಡಿದರೆ ಎಲ್ಲರೂ ಎಲ್ಲರಿಗೂ ಹೇಗೋ ಒಂದು ರೀತಿ ಸಂಬಂಧಿಗಳೇ ಆಗಿಬಿಡುತ್ತಾರೆ. ಅದಕ್ಕಾಗಿಯೇ ತಂದೆಯ ಕಡೆ ಏಳು, ತಾಯಿಯ ಕಡೆ ಐದು ಎಂಬ ಗಡಿ. ಲೆಕ್ಕ ಹಾಕಿದರೆ ಅವನ ಮಾತು ಸರಿ. ಒಬ್ಬರಿಗೆ ಇಬ್ಬರು ತಂದೆತಾಯಿ, ನಾಲ್ವರು ಅಜ್ಜ-ಅಜ್ಜಿ. ಹತ್ತು ತಲೆ ಮೇಲೆ ಹೋದರೆ 1,024 ಜಾಗ, ಇಪ್ಪತ್ತಕ್ಕೆ ಹತ್ತು ಲಕ್ಷ ದಾಟುತ್ತದೆ. ಇನ್ನೂ ಮೇಲೆ ಹೋದರೆ ಅಷ್ಟು ಜನ ಇರಲಿಲ್ಲವಾದ್ದರಿಂದ ಒಬ್ಬರೇ ಎಷ್ಟೋ ಜಾಗಗಳಲ್ಲಿ ಬರುತ್ತಾರೆ. ಏಳರ ಗಡಿ ನಿಸರ್ಗದಲ್ಲಿಲ್ಲ, ನಾವು ಹಾಕಿಕೊಂಡದ್ದು. 1955ರ ಹಿಂದೂ ವಿವಾಹ ಕಾಯ್ದೆ ಅದನ್ನು ಐದಕ್ಕೂ ಮೂರಕ್ಕೂ ಇಳಿಸಿತು. ಹಾಗಾಗಿ ನಮ್ಮ ತಂಟೆಯ ಆರನೆಯವನು ಮಿತಾಕ್ಷರದಲ್ಲಿ ಸಪಿಂಡ, ಇಂದಿನ ಕಾಯ್ದೆಯಲ್ಲಿ ಅಲ್ಲ.

ತಾಯಿಯ ದೇಹವೂ ಎಂಬ ಮಾತನ್ನು ಎರಡನೆಯ ಸಲ ಓದುವಾಗ ನನಗೆ ಅಷ್ಟು ದಿನ ಕಾಣದ ಸರಳ ಸಂಗತಿಯೊಂದು ಕಂಡಿತು. ನಾಗಪ್ಪ ಎಂದು ಓದಿ, ಬಾಗಪ್ಪ ಎಂದು ಓದಿ, ತಾಯಿ ಒಬ್ಬಳೇ. ಬಗಲಲ್ಲಿದ್ದರೂ ಅವಳ ಕೂಸು, ಇಲ್ಲಿ ಬಂದ ಮೇಲೆ ಹುಟ್ಟಿದ್ದರೂ ಅವಳ ಕೂಸು. ಕಾಕಾನನ್ನು ಕೇಳಿದೆ. "ಹಡದಾಕಿ ಅಕೀನೇ, ಅದರಾಗ್ ಏನ್ ಸಂಶೆ" ಎಂದರು. ಆರನೆಯ ತಲೆಯಲ್ಲಿ ಎಲ್ಲರೂ ಒಪ್ಪುವವಳು ಅವಳೊಬ್ಬಳೇ, ಹೆಸರಿಲ್ಲದವಳೂ ಅವಳೊಬ್ಬಳೇ. ಹುಮನಾಬಾದ್ ತಾಲೂಕಿನ ಜಲಸಂಗ್ವಿಯ ಗುಡಿಯ ಗೋಡೆಯಲ್ಲಿ ವಿಕ್ರಮಾದಿತ್ಯನ ಹೊಗಳಿಕೆ ಬರೆಯುತ್ತ ನಿಂತ ಶಿಲಾಬಾಲಿಕೆ ಇದ್ದಾಳೆ. ನೋಡಲು ಹೋದವರೆಲ್ಲ ಅವಳು ಬರೆದ ರಾಜನ ಹೆಸರನ್ನು ಓದಿ ಬರುತ್ತಾರೆ. ನಾನೂ ಹಾಗೆಯೇ ಬಂದಿದ್ದೆ.

ಇಷ್ಟೆಲ್ಲ ಬರೆಯುವಾಗ ಇನ್ನೊಂದು ಮಾತು ಚುಚ್ಚುತ್ತಲೇ ಇದೆ. ಚುಕ್ಕಿ ಮೇಲೋ ಕೆಳಗೋ ಎಂದು ಜಗಳಾಡಲು ನಮಗೊಂದು ಕಾಗದವಾದರೂ ಇದೆ, ಹೊಲ ಇತ್ತು ಎಂಬ ಒಂದೇ ಕಾರಣಕ್ಕೆ. ನಮ್ಮದೇ ಹೊಲದಲ್ಲಿ ತಲೆತಲಾಂತರ ದುಡಿದವರ ಮುತ್ಯಾಂದಿರು ಯಾವ ಫಸಲಿಯ ನಕಲಿನಲ್ಲೂ ಇಲ್ಲ. ಹೆಳವರ ಬಂಡಿ ಅವರ ಓಣಿಗೆ ತಿರುಗುತ್ತಿರಲಿಲ್ಲ. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಜಾತಿ ಪ್ರಮಾಣಪತ್ರಕ್ಕೆ ಮುತ್ಯಾನ ದಾಖಲೆ ತಾ ಎಂದಾಗ ಅಲೆದ ಅಲೆದಾಟ ನಾನು ಬಲ್ಲೆ. ಅವರ ಮುತ್ಯಾ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ, ಅವನ ಹೆಸರಿನಲ್ಲಿ ಗುಂಟೆ ನೆಲವಿರಲಿಲ್ಲ. ಕಾಕಾ ಬಯಸಿದಂತೆ ನಾನು ಅನುಮಾನದ ಹೆಸರನ್ನು ಖಚಿತವೆಂದು ಬರೆದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ಅವಳು ಖಚಿತವಾದದ್ದನ್ನೇ ಹೇಳಿದರೂ ಕೇಳುತ್ತಾರೆ. ಯಾರದೇನು ಹೋಗುತ್ತದೆ ಎಂಬ ಪ್ರಶ್ನೆಗೆ ಇದನ್ನೂ ಸೇರಿಸಿಕೊಂಡು ಉತ್ತರ ಹುಡುಕಬೇಕು ಎನ್ನಿಸುತ್ತದೆ.

ಕೊನೆಗೆ ಚಿತ್ರ ಬರೆದುಕೊಟ್ಟೆ. ಐದು ತಲೆಯವರೆಗೆ ಗಂಡಸರ ಪಕ್ಕ ಹೆಂಗಸರ ಹೆಸರು, ಗೊತ್ತಿದ್ದಷ್ಟು. ಆರನೆಯ ಜಾಗದಲ್ಲಿ ಮೊದಲು ಅವಳ ಚೌಕ, ಅದರೊಳಗೆ ಆಯಿಯದೇ ಮಾತು: 'ಬರದಾಗ ಬಂದಾಕಿ'. ಉಡಕಿ ಎಂದು ಬರೆಯಲಿಲ್ಲ. ಅವಳ ಪಕ್ಕದ ಚೌಕದಲ್ಲಿ ಗಂಡಸಿನ ಹೆಸರಿನ ಮೊದಲ ಅಕ್ಷರದ ಜಾಗ ಖಾಲಿ ಬಿಟ್ಟು 'ಗಪ್ಪ' ಎಂದಷ್ಟೇ ಬರೆದೆ. ಅದರ ಕೆಳಗೆ ಸಣ್ಣಗೆ, ಸಾಕಿದವನು ನಾಗಪ್ಪ ಎಂದು. ಮೇಲೆ ಏಳನೆಯದು ಇಲ್ಲ. ಕಾಕಾ ಒಂದೂ ಮಾತಾಡದೆ ಕಾಗದ ಇಸಿದುಕೊಂಡರು. ಎರಡು ದಿನದ ಮೇಲೆ ಫ್ರೇಮಿನ ಅಂಗಡಿಯವನು ನನಗೇ ಫೋನು ಮಾಡಿದ: "ಮೇಡಂ, ಇಲ್ಲೊಂದು ಅಕ್ಷರ ಬಿಟ್ಟುಹೋಗ್ಯಾದ, ಯಾವ್ದು ಹಾಕ್ಲಿ?" ಹಾಗೇ ಇರಲಿ ಎಂದೆ.

ಪಡಸಾಲೆಯಲ್ಲಿ ಈಗ ಸಿದ್ಧಾರೂಢರ ಫೋಟೋ ಇದೆ. ವಂಶವೃಕ್ಷ ಒಳಗೆ ಆಯಿಯ ಕೋಣೆಯಲ್ಲಿದೆ. ಹಬ್ಬಕ್ಕೆ ಹೋದಾಗ ಆಯಿ ನನ್ನನ್ನು ಕರೆದು ಅದರ ಮುಂದೆ ನಿಲ್ಲಿಸಿಕೊಂಡಳು. ಅವಳಿಗೆ ಓದು ಬಾರದು. "ಅಕಿ ಎಲ್ಲಿದ್ದಾಳ?" ಎಂದಳು. ಅವಳ ಬೆರಳು ಹಿಡಿದು ಚೌಕದ ಮೇಲೆ ಇಟ್ಟೆ. ಏನು ಬರೆದಿದ್ದೇನೆಂದು ಓದಿ ಹೇಳಿದೆ.

"ಹೆಸರ್ ಹಾಕಿಲ್ಲ?"

"ನಿನಗ ಗೊತ್ತದೇನ್ ಆಯಿ?"

"ನಮ್ಮತ್ತಿ ಹೇಳಿದ್ಲೋ ಏನೋ" ಎಂದಳು. ಬೆರಳು ತೆಗೆಯದೆ ಸ್ವಲ್ಪ ಹೊತ್ತು ನಿಂತು, ಅತ್ತೆ ಮಾತಾಡುತ್ತಿದ್ದ ಧಾಟಿಯಲ್ಲಿ ಒಂದೆರಡು ಹೆಸರುಗಳನ್ನು ತನ್ನಷ್ಟಕ್ಕೇ ಹೇಳಿ ನೋಡಿಕೊಂಡಳು. ಆಮೇಲೆ ಅಲ್ಲವೆಂದು ತಲೆಯಾಡಿಸಿದಳು.